ಹುಳಕ್ಕೆ ಸೊಪ್ಪು ಹಾಕಿದವರು ಯಾರು?

ನನ್ನ ಕಾದಂಬರಿ ಸರಣಿಯ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಇದುವರೆಗೆ ಬಂದಿರುವ ಗಂಭೀರ ವಿಮರ್ಶೆ ಒಂದೇ. ಅದು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ, ರೇಷ್ಮೆ ಗೂಡಿನ ಮಾರುಕಟ್ಟೆಯ ಎದುರಿನ ಟೀ ಅಂಗಡಿಯಲ್ಲಿ, ಒಮ್ಮೆ ಮಾಗಡಿಯ ಒಂದು ಮದುವೆಯಲ್ಲಿ ಎಲೆಯ ಮುಂದೆ ಕೂತು ಪಾಯಸಕ್ಕೆ ಕಾಯುತ್ತಿದ್ದಾಗ, ಬೇರೆ ಬೇರೆ ಜನ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಅದೆಲ್ಲ ಸರಿ ಸಾರ್, ಹುಳಕ್ಕೆ ಸೊಪ್ಪು ಹಾಕ್ದೋರು ಯಾರು?"

ನಾನು ರಾಮನಗರದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಪುಸ್ತಕ ಓದುವವರು ಕಡಿಮೆಯಾದಂತೆಲ್ಲ ಪುಸ್ತಕ ಬರೆಯಲು ನನಗೆ ಬಿಡುವು ಹೆಚ್ಚಾಯಿತು. ಆ ಬಿಡುವಿನಲ್ಲಿ ನಾಲ್ಕು ದಪ್ಪ ಸಂಪುಟ ಬರೆದೆ. ಐದನೆಯದು ಬಾಕಿ ಇದೆ. ಕಥೆ ಇಷ್ಟೇ: ನಮ್ಮ ಕಡೆಯ ನಾಲ್ಕು ಜನ ಸಾಮಾನ್ಯರು ಇನ್ನೊಂದು ಲೋಕಕ್ಕೆ ಹೋಗಿ ಬೀಳುತ್ತಾರೆ. ಗೂಡು ಬೇಯಿಸಿ ನೂಲು ತೆಗೆಯುವ ರಾಮನಗರದ ಒಬ್ಬ ರೇಷ್ಮೆ ರೀಲರ್, ಚನ್ನಪಟ್ಟಣದಲ್ಲಿ ಗೊಂಬೆಗೆ ಅರಗಿನ ಬಣ್ಣ ಹಚ್ಚುವ ಒಬ್ಬ ಹೆಂಗಸು, ಕನಕಪುರ–ಹಾರೋಹಳ್ಳಿ ದಾರಿಯ ಒಬ್ಬ ಬಸ್ ಕಂಡಕ್ಟರು, ಮತ್ತು ಕೂಟಗಲ್ ಕಡೆಯ ಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುವ ಒಬ್ಬ ಗೃಹಿಣಿ. ಆ ಲೋಕದಲ್ಲಿ ಬೆಟ್ಟಗಳು ನಡೆಯುತ್ತವೆ, ಹೊಳೆಗಳು ಮಾತಾಡುತ್ತವೆ, ನೆರಳಿಲ್ಲದ ಒಬ್ಬ ದೊರೆ ಪ್ರಜೆಗಳ ನೆರಳನ್ನು ಕಿತ್ತು ತನ್ನ ಕೋಟೆಗೆ ಹೊದಿಸಿಕೊಳ್ಳುತ್ತಾನೆ. ಈ ನಾಲ್ವರು ಸೇರಿ ಅವನನ್ನು ಮಣಿಸಬೇಕು. ಬೆಟ್ಟ ನಡೆಯುವುದರ ಬಗ್ಗೆ ನಮ್ಮ ಜಿಲ್ಲೆಯಲ್ಲಿ ಯಾರೂ ತಕರಾರು ಎತ್ತಲಿಲ್ಲ. ಇಲ್ಲಿ ಬಂಡೆಗಳು ಕ್ವಾರಿ ಲಾರಿ ಹತ್ತಿ ಹೋಗುವುದನ್ನು ದಿನಾ ನೋಡುವವರಿಗೆ ಅದು ದೊಡ್ಡ ಸಂಗತಿ ಅನ್ನಿಸಿರಲಿಕ್ಕಿಲ್ಲ.

ತಕರಾರು ಬಂದದ್ದು ಬೇರೆ ಕಡೆಯಿಂದ. ನನಗೆ ಪರಿಚಯದ ಒಬ್ಬ ರೀಲರ್ ಭಾಯ್ ಇದ್ದಾರೆ. ಕಥೆಯಲ್ಲಿ ಅವರಂಥ ಒಬ್ಬರು ಬೆಳದಿಂಗಳನ್ನು ಬೇಯಿಸಿ ನೂಲು ತೆಗೆಯುತ್ತಾರೆ. ನಾನು ಎರಡು ವಾರ ಕೂತು ಬರೆದ ಅಧ್ಯಾಯ ಅದು, ಓದಿದವರು ಕಣ್ಣೀರು ಹಾಕುತ್ತಾರೆ ಅಂದುಕೊಂಡಿದ್ದೆ. ಭಾಯ್ ಪುಸ್ತಕ ಮುಚ್ಚಿ ಕೇಳಿದರು: "ಸಾರ್, ಅಲ್ಲಿ ಸೌದೆ ಎಲ್ಲಿಂದ ತಂದ? ನೀರು ಕಾಯ್ಬೇಕಲ್ಲ." ನಾನು ಅದು ಮಾಯಾಲೋಕ ಎಂದೆ. "ಮಾಯಾಲೋಕ ಆದ್ರೂ ನೀರು ಕಾಯ್ದೆ ಎಳೆ ಬಿಚ್ಚಲ್ಲ ಸಾರ್," ಎಂದರು. ಮುಂದಿನ ಸಂಪುಟದಲ್ಲಿ ಒಂದು ಸೌದೆಯ ಕಾಡು ಸೇರಿಸಿದೆ. ಬೆಂಗಳೂರಿನ ಒಬ್ಬ ವಿಮರ್ಶಕರು ಆ ಕಾಡನ್ನು ಮನುಷ್ಯನ ಅಂತಃಸಾಕ್ಷಿಯ ಸಂಕೇತ ಎಂದು ಕರೆದರು. ನಾನು ಬೇಡವೆನ್ನಲಿಲ್ಲ.

ಆದರೆ ಹುಳದ ಪ್ರಶ್ನೆಗೆ ಹೀಗೆ ತೇಪೆ ಹಾಕಲು ಆಗಲಿಲ್ಲ, ಯಾಕೆಂದರೆ ತಪ್ಪು ಬುಡದಲ್ಲೇ ಇತ್ತು. ನನ್ನ ನಾಯಕಿ, ಅಂದರೆ ಆ ಹುಳ ಸಾಕುವ ಗೃಹಿಣಿ, ಇನ್ನೊಂದು ಲೋಕಕ್ಕೆ ಹೋಗುವುದು ಚಂದ್ರಿಕೆಯ ಮೂಲಕ. ಹಣ್ಣಾದ, ಅಂದರೆ ಮೇಯುವುದನ್ನು ಮುಗಿಸಿದ ಹುಳಗಳನ್ನು ಗೂಡು ಕಟ್ಟಲು ಬಿಡುವ ದೊಡ್ಡ ಬಿದಿರಿನ ತಟ್ಟೆ ಅದು. ಅದರ ಮೇಲೆ ಬಿದಿರಿನ ಪಟ್ಟಿ ಸುರುಳಿಯಾಗಿ ಸುತ್ತಿಕೊಂಡಿರುತ್ತದೆ. ಈಗ ಎಲ್ಲರ ಮನೆಯಲ್ಲೂ ಪ್ಲಾಸ್ಟಿಕ್‌ನದೇ ಇದೆ. ಪ್ಲಾಸ್ಟಿಕ್ ಮೂಲಕ ಇನ್ನೊಂದು ಲೋಕಕ್ಕೆ ಹೋಗುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ, ಬಿದಿರಿನದನ್ನೇ ಇಟ್ಟೆ. ನಾಯಕಿ ಸುರುಳಿಯನ್ನೇ ನೋಡುತ್ತ ನೋಡುತ್ತ ಅದರ ನಡುವಿಗೆ ಇಳಿದುಬಿಡುತ್ತಾಳೆ. ಬರೆದಾಗ ಬಹಳ ಚೆನ್ನಾಗಿತ್ತು. ಆದರೆ ಚಂದ್ರಿಕೆ ಹೊರಗೆ ಬರುವುದು ಹುಳ ಹಣ್ಣಾದ ದಿನ. ಆ ದಿನ ಹುಳ ಸಾಕುವವರು ಸ್ವಂತ ಅಣ್ಣ ತಮ್ಮಂದಿರ ಮದುವೆಗೂ ಹೋಗುವುದಿಲ್ಲ. ಹಣ್ಣು ಹುಳ ಆರಿಸಬೇಕು, ಹಣ್ಣಾಗದ್ದಕ್ಕೆ ಸೊಪ್ಪು ಹಾಕಬೇಕು, ಊಟಕ್ಕೆ ಕೂರಲು ಪುರುಸೊತ್ತಿರುವುದಿಲ್ಲ. ಅಂಥ ದಿನ ನನ್ನ ನಾಯಕಿ ಏಳು ವರ್ಷಕ್ಕೆ ಮಾಯವಾಗಿದ್ದಳು. ಹುಳದ ಮನೆಯಲ್ಲಿ ಹುಟ್ಟಿ ಬೆಳೆದ ನಾನು ಇದನ್ನು ಬರೆದಿದ್ದೆ ಅನ್ನುವುದೇ ಜನಕ್ಕೆ ನಂಬಲಾಗದ ವಿಷಯ.

ಈ ತಪ್ಪನ್ನು ಮೊದಲು ಹಿಡಿದವಳು ನನ್ನ ಅಕ್ಕ. ನಾಯಕಿಗೆ ಮೂಲವೂ ಅವಳೇ, ಇದು ಊರಿಗೆಲ್ಲ ಗೊತ್ತು. ಅಕ್ಕ ಕೂಟಗಲ್ ಹೋಬಳಿಯ ನಮ್ಮ ಹಳ್ಳಿಯಲ್ಲೇ ಇದ್ದಾಳೆ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಭಾವ ತೀರಿಕೊಂಡು ಬಹಳ ವರ್ಷವಾಯಿತು. ಒಬ್ಬಳೇ ಮಗಳನ್ನು ಕನಕಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದಾಳೆ. ಮೂವತ್ತು ವರ್ಷದಿಂದ ಬೆಳೆಯ ಮೇಲೆ ಬೆಳೆ ಹುಳ ಸಾಕುತ್ತಿದ್ದಾಳೆ, ಒಬ್ಬ ಹೆಣ್ಣಾಳು ಬಂದು ಹಿಪ್ಪುನೇರಳೆ ಸೊಪ್ಪು ಕುಯ್ದು ಕೊಡುತ್ತಾಳೆ. ಅಕ್ಕ ಓದುವುದು ಹುಳಕ್ಕೆ ಜ್ವರ ಬಂದಾಗ. ಜ್ವರ ಅಂದರೆ ಕಾಯಿಲೆಯಲ್ಲ. ಹುಳ ಪೊರೆ ಬಿಡುವ ಕಾಲಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಒಂದು ಬೆಳೆಯಲ್ಲಿ ನಾಲ್ಕು ಸಲ ಹುಳ ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು, ಒಂದು ದಿನವೋ ಒಂದೂವರೆ ದಿನವೋ ಅಲ್ಲಾಡದೆ ಕೂರುತ್ತದೆ. ಆಗ ಸೊಪ್ಪು ಹಾಕಬಾರದು. ಹುಳಕ್ಕೆ ಜ್ವರ, ಅಕ್ಕನಿಗೆ ರಜ. ಹೀಗೆ ಜ್ವರದಿಂದ ಜ್ವರಕ್ಕೆ ಅವಳು ನನ್ನ ನಾಲ್ಕೂ ಸಂಪುಟ ಮುಗಿಸಿದ್ದಾಳೆ. ಅಷ್ಟು ಶ್ರದ್ಧೆಯ ಓದುಗರು ನನಗೆ ಬೇರೆ ಯಾರೂ ಇಲ್ಲ.

ಮೊದಲ ಸಂಪುಟ ಓದಿ ಅವಳು ಹೇಳಿದ್ದು ಇಷ್ಟು: "ಚೆಂದಾಗೈತೆ ಕಣ್ಲಾ. ಆದ್ರೆ ಹಣ್ಣು ಹುಳ ಬುಟ್ಟು ಹೋದ್ಲಲ್ಲ, ಎಂಥಾ ಹೆಂಗ್ಸು ಅವ್ಳು?"

ನಾನು ಎರಡನೆಯ ಸಂಪುಟದಲ್ಲಿ ಒಂದು ಉಪಾಯ ಹೂಡಿದೆ. ಆ ಲೋಕದಲ್ಲಿ ಏಳು ವರ್ಷ ಕಳೆದರೂ ಇಲ್ಲಿ ಕಣ್ಣು ಮಿಟುಕಿಸಿದಷ್ಟೇ ಹೊತ್ತು. ನಾಯಕಿ ಯಾವಾಗ ವಾಪಸು ಬಂದರೂ ಹುಳ ಇನ್ನೂ ಹಾಗೇ ಇರುತ್ತದೆ. ನನಗೇ ನನ್ನ ಜಾಣತನ ಮೆಚ್ಚಿಗೆಯಾಯಿತು. ಅಕ್ಕ ಓದಿ ಬಿದ್ದು ಬಿದ್ದು ನಕ್ಕಳು. "ಅದು ಉಲ್ಟಾ ಕಣ್ಲಾ. ನಾನು ಕಣ್ಣು ಮಿಟುಕ್ಸೋ ಹೊತ್ತು ಆಚೆಗೆ ಹೋದ್ರೆ ಇಲ್ಲಿ ಏಳು ವರ್ಸ ಆಗ್ಬುಟ್ಟಿರ್ತದೆ."

ಅವಳು ಹೇಳಿದ್ದು ತಮಾಷೆಗೇ. ಆದರೆ ಅದು ನಿಜವೂ ಆಗಿತ್ತು, ಅದಕ್ಕೆ ಸಾಕ್ಷಿ ಅವಳ ಮಗಳು. ಮಗಳ ಮೊದಲ ಹೆರಿಗೆ ತವರಿನದು, ರಾಮನಗರದ ಆಸ್ಪತ್ರೆಯಲ್ಲಿ ಆಯಿತು. ಮಗು ಹುಟ್ಟಿದ ಹೊತ್ತಿನಲ್ಲಿ ಅಕ್ಕ ಅಲ್ಲಿರಲಿಲ್ಲ, ಹುಳದ ಮನೆಯಲ್ಲಿದ್ದಳು. ಮಾರನೆಯ ದಿನ ಸೊಪ್ಪಿನ ಕಲೆ ಇರುವ ಕೈಯಲ್ಲಿ ಮಗುವನ್ನು ಎತ್ತಿಕೊಂಡಳು. ಮಗಳು ಆಗ ಏನೂ ಹೇಳಲಿಲ್ಲ. ಹೇಳಿದ್ದು ನಾಲ್ಕು ವರ್ಷದ ಮೇಲೆ, ಎರಡನೆಯ ಸಲ ಬಸುರಿಯಾದಾಗ. ಈ ಸಲದ್ದು ಗಂಡನ ಮನೆಯ ಕಡೆ, ಕನಕಪುರದಲ್ಲಿ. ಫೋನಿನಲ್ಲಿ ಹೇಳಿದಳಂತೆ: "ಅವ್ವ, ಈ ಸಲ ನೀನು ನನ್ ಪಕ್ಕದಾಗಿರ್ಬೇಕು. ಇರಲ್ಲ ಅನ್ನಂಗಿದ್ರೆ ಆಮೇಲೆ ಮಗು ನೋಡಕ್ಕೂ ಬರ್ಬ್ಯಾಡ."

ಅಕ್ಕ ಬೆರಳು ಮಡಿಸಿ ಲೆಕ್ಕ ಹಾಕಿದಳು. ಡಾಕ್ಟರು ಹೇಳಿದ ದಿನಕ್ಕೆ ಹತ್ತು ದಿನ ಮುಂಚೆಯೇ ಬೆಳೆ ಮುಗಿಯುವ ಹಾಗೆ ಚಾಕಿ ಹುಳ, ಅಂದರೆ ಎಳೆಯ ಹುಳ, ತಂದಳು. ಲೆಕ್ಕ ಸರಿಯಾಗಿತ್ತು. ಹೊಟ್ಟೆಯಲ್ಲಿದ್ದ ಮಗುವಿಗೆ ಮಾತ್ರ ಅದನ್ನು ಯಾರೂ ತಿಳಿಸಿರಲಿಲ್ಲ. ಹುಳ ನಾಲ್ಕನೆಯ ಜ್ವರದಿಂದ ಎದ್ದ ಸೋಮವಾರ ಬೆಳಿಗ್ಗೆ ಅಳಿಯನ ಫೋನು ಬಂತು. ಬಿ.ಪಿ. ಏರಿದೆ, ಇವತ್ತೇ ಅಡ್ಮಿಟ್ ಮಾಡಿಕೊಳ್ಳುತ್ತಾರೆ, ಎರಡು ದಿನವಾಗಬಹುದು, ವಾರವಾಗಬಹುದು, ನೋಡಿಕೊಂಡು ಮಗು ತೆಗೆಯುತ್ತಾರೆ.

ನಾನು ಆ ದಿನ ನಾಲ್ಕನೆಯ ಸಂಪುಟದ ಪ್ರತಿ ಕೊಡಲು ಹಳ್ಳಿಗೆ ಹೋಗಿದ್ದೆ. ಅಕ್ಕ ಹುಳದ ಮನೆಯ ಹೊಸ್ತಿಲ ಮೇಲೆ ಕೂತಿದ್ದಳು. ನಾಲ್ಕನೆಯ ಜ್ವರದಿಂದ ಎದ್ದ ಹುಳ ಆರೇಳು ದಿನ ಒಂದೇ ಸಮನೆ ತಿನ್ನುತ್ತದೆ, ಬೆಳೆಯ ಹಣೆಬರಹ ನಿರ್ಧಾರವಾಗುವುದು ಆಗಲೇ. ಒಳಗೆ ಅಂತಸ್ತು ಅಂತಸ್ತಾದ ಮೂರು ಸಾಲು ಸ್ಟ್ಯಾಂಡಿನ ತುಂಬ ಹಸಿದ ಹುಳ. ಅಕ್ಕ ಒಮ್ಮೆ ಒಳಗೆ ನೋಡುತ್ತಿದ್ದಳು, ಒಮ್ಮೆ ಕೈಯಲ್ಲಿದ್ದ ಫೋನ್ ನೋಡುತ್ತಿದ್ದಳು. ಅವಳು ಅಳುತ್ತಿರಲಿಲ್ಲ. ಅಳುವುದಕ್ಕೂ ಅವಳಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿತ್ತೇನೋ.

"ನೀನು ಹೋಗಕ್ಕ. ಹುಳ ನಾನು ನೋಡ್ಕೋತೀನಿ," ಎಂದೆ.

ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನೀನಾ?"

"ನಾಲ್ಕು ಸಂಪುಟ ಬರ್ದಿದೀನಿ ಅಕ್ಕ ಇದ್ರ ಮೇಲೆ."

"ಅದ್ಕೇ ಭಯ," ಎಂದಳು.

ಆದರೂ ಸೀರೆ ಗಂಟು ಕಟ್ಟಿದಳು. ಹೊರಡುವ ಮುಂಚೆ ಹೇಳಿದ್ದು ಮೂರೇ ಮಾತು. ಸೊಪ್ಪು ಮೂರು ಹೊತ್ತು, ಒದ್ದೆ ಸೊಪ್ಪು ಹಾಕಬೇಡ. ಕೈಕಾಲು ತೊಳೆಯದೆ ಒಳಗೆ ಹೋಗಬೇಡ. ಹೊರಗಿನವರನ್ನು ಒಳಗೆ ಬಿಡಬೇಡ. ಬಸ್ ಸ್ಟಾಪಿನವರೆಗೆ ಹೋಗಿ ಎರಡು ಸಲ ವಾಪಸು ಬಂದಳು. ಒಮ್ಮೆ ಕಿಟಕಿಯ ಪರದೆ ನೋಡಲು, ಇನ್ನೊಮ್ಮೆ ಏನಕ್ಕೆಂದು ಅವಳಿಗೇ ಗೊತ್ತಿರಲಿಲ್ಲ. ಮೂರನೆಯ ಸಲ ಬಸ್ಸೇ ಬಂದು ಅವಳನ್ನು ಕರೆದುಕೊಂಡು ಹೋಯಿತು.

ಕಾಲೇಜಿಗೆ ರಜ ಹಾಕಿದೆ. ಲೈಬ್ರರಿಯಲ್ಲಿ ನಾನಿಲ್ಲದ್ದು ಯಾರಿಗೂ ತಿಳಿಯಲಿಲ್ಲ. ಮೊದಲ ನಾಲ್ಕು ದಿನ ನಾನು ಬಹಳ ಅಚ್ಚುಕಟ್ಟಾಗಿ ಕೆಲಸ ಮಾಡಿದೆ, ಇದನ್ನು ಹೇಳಿಕೊಳ್ಳಲೇಬೇಕು. ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಿದೆ. ಬಿಸಿಲೇರಿದಾಗ ಪರದೆ ಇಳಿಸಿದೆ, ಸಂಜೆ ಏರಿಸಿದೆ. ಪಕ್ಕದ ಮನೆಯ ಯಜಮಾನರು ಅಕ್ಕನಷ್ಟೇ ಹಳೆಯ ಹುಳ ಸಾಕಣೆಗಾರರು. ದಿನಕ್ಕೊಮ್ಮೆ ಕಿಟಕಿಯಲ್ಲಿ ಇಣುಕಿ, "ಪರವಾಗಿಲ್ವೆ," ಎಂದು ಹೇಳಿ ಹೋಗುತ್ತಿದ್ದರು. ಅವರ ದನಿಯಲ್ಲಿ ಸ್ವಲ್ಪ ನಿರಾಸೆ ಇದ್ದಂತೆ ನನಗೆ ಕೇಳುತ್ತಿತ್ತು.

ಹುಳ ಸಾಕುವವರು ಸಾಕುತ್ತಾರೆ ಅಷ್ಟೆ. ನಾನು ಲೇಖಕನಾದ್ದರಿಂದ ಫೋಟೊ ತೆಗೆದೆ. ಹುಳದ ಸ್ಟ್ಯಾಂಡಿನ ಮುಂದೆ ನಿಂತು, ಹೆಗಲ ಮೇಲೆ ಟವೆಲು ಹಾಕಿಕೊಂಡು, "ನನ್ನ ನಾಯಕಿಯ ಮನೆಯಲ್ಲಿ" ಎಂದು ಬರೆದು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಿದೆ. ಬೆಂಗಳೂರಿನಲ್ಲಿ ನನ್ನ ಸರಣಿಯನ್ನು ಓದುವ ಹುಡುಗ ಹುಡುಗಿಯರ ಒಂದು ಬಳಗವಿದೆ. ನೋಡಿದ ಅರ್ಧ ಗಂಟೆಯೊಳಗೆ ಅವರಿಂದ ಮೆಸೇಜು ಬಂತು. ಸಾರ್, ನಾವು ಶನಿವಾರ ರಾಮನಗರಕ್ಕೆ ಬರುತ್ತಿದ್ದೇವೆ, ಚನ್ನಪಟ್ಟಣದಲ್ಲಿ ಗೊಂಬೆ ಮಾಡುವುದನ್ನು ನೋಡುತ್ತೇವೆ, ಆಮೇಲೆ ನಾಯಕಿ ಮಾಯವಾದ ಮನೆಯನ್ನು ಐದೇ ನಿಮಿಷ ನೋಡಬಹುದೇ?

ಹೊರಗಿನವರನ್ನು ಬಿಡಬೇಡ ಎಂದು ಅಕ್ಕ ಹೇಳಿದ್ದು ನೆನಪಿರಲಿಲ್ಲ ಅಂದರೆ ಸುಳ್ಳು. ನೆನಪಿತ್ತು. ಆದರೆ ಇವರು ಹೊರಗಿನವರು ಹೇಗಾಗುತ್ತಾರೆ, ನಾಲ್ಕೂ ಸಂಪುಟ ಓದಿದ್ದಾರಲ್ಲ, ಎಂದು ನನ್ನೊಳಗೆ ವಾದಿಸಿದೆ. ಓದುಗರು ಸಿಗುವುದೇ ಅಪರೂಪವಾದ ಮನುಷ್ಯನಿಗೆ ಅವರು ವ್ಯಾನು ಮಾಡಿಕೊಂಡು ಬರುತ್ತೇವೆ ಅಂದಾಗ ಎಂಥ ವಾದವೂ ಸರಿಯಾಗಿಯೇ ಕಾಣುತ್ತದೆ. ಬನ್ನಿ ಎಂದೆ.

ಶನಿವಾರ ಮಧ್ಯಾಹ್ನ ಒಂಬತ್ತು ಜನ ಇಳಿದರು. ಒಳ್ಳೆಯ ಮಕ್ಕಳು, ಒಬ್ಬೊಬ್ಬರೂ ಬಗ್ಗಿ ನಮಸ್ಕಾರ ಮಾಡಿದರು. ಹೊಸ್ತಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬಾಣಲೆ ಇತ್ತು. ಅದನ್ನು ನೋಡುತ್ತಲೇ ಅವರಿಗೆ ರೋಮಾಂಚನವಾಯಿತು. ಯಾಕೆಂದರೆ ಮೊದಲ ಸಂಪುಟದಲ್ಲಿ, ಇನ್ನೊಂದು ಲೋಕದ ಬಾಗಿಲು ದಾಟುವವರು ಬಿಳಿಯ ನೀರಿನಲ್ಲಿ ಕಾಲು ತೊಳೆಯಬೇಕು ಎಂದು ನಾನು ಒಂದೂವರೆ ಪುಟ ಬರೆದಿದ್ದೇನೆ. ನಿಜದಲ್ಲಿ ತೊಳೆಯಬೇಕಾದ್ದು ಕೈ ಮತ್ತು ಕಾಲು, ಎರಡನ್ನೂ. ಮೊದಲ ಕರಡಿನಲ್ಲಿ ಹಾಗೆಯೇ ಇತ್ತು. ಕೈ ಸೇರಿದರೆ ವಾಕ್ಯದ ಓಟ ಕೆಡುತ್ತದೆ ಎಂದು ಕೈಯನ್ನು ಹೊಡೆದುಹಾಕಿದವನು ನಾನು. ಮಕ್ಕಳು ಪುಸ್ತಕದಲ್ಲಿದ್ದ ಹಾಗೆಯೇ ಒಬ್ಬರ ಹಿಂದೊಬ್ಬರು ಬಂದು, ಬಲಗಾಲು ಮುಂದಿಟ್ಟು, ಕಣ್ಣು ಮುಚ್ಚಿ, ಕಾಲು ತೊಳೆದರು. ಒಬ್ಬಳು ಆ ಒಂದೂವರೆ ಪುಟವನ್ನು ಬಾಯಿಪಾಠ ಹೇಳಿದಳು. ನಾನು ಬಾಗಿಲ ಪಕ್ಕದಲ್ಲಿ ಕೈಕಟ್ಟಿ ನಿಂತು ಕೇಳಿದೆ. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಒಳಗೆ ಬಂದ ಮೇಲೆ, ಒಂದು ಹೊತ್ತಿನ ಸೊಪ್ಪು ನಾವೇ ಹಾಕಬಹುದೇ ಸಾರ್ ಎಂದು ಕೇಳಿದರು. ಹಾಕಿ ಎಂದೆ. ಸೊಪ್ಪಿನ ಕಡ್ಡಿಗಳನ್ನು ತಬ್ಬಿ ಎತ್ತಿ, ಒಂದೊಂದಾಗಿ ಹುಳದ ಮೇಲೆ ಮಲಗಿಸಿದರು. ಮೊದಲ ಎರಡು ಸಾಲಿಗೆ ಹಾಕುವಷ್ಟರಲ್ಲಿ ಒಳಗಿದ್ದ ಸೊಪ್ಪು ಮುಗಿಯಿತು. ಮೂರನೆಯ ಸಾಲಿಗೆ ನಾನು ಆಮೇಲೆ ಹಾಕುತ್ತೇನೆಂದೆ. ಫೋಟೊ ಆಯಿತು, ಟೀ ಆಯಿತು. ಐದನೆಯ ಸಂಪುಟದಲ್ಲಿ ನಾಯಕಿ ವಾಪಸು ಬರುತ್ತಾಳಾ ಎಂದು ಕೇಳಿದರು. ಬಂದೇ ಬರುತ್ತಾಳೆ, ಇಲ್ಲದಿದ್ದರೆ ನಮ್ಮ ಅಕ್ಕ ಬಿಡುವುದಿಲ್ಲ ಎಂದೆ. ಎಲ್ಲರೂ ನಕ್ಕರು. ವ್ಯಾನು ಹೊರಟಿತು.

ಸಂಜೆ ಐದರ ಹೊತ್ತಿಗೆ ಮೊದಲ ಸಾಲಿನ ಹುಳಗಳು ತಲೆ ಎತ್ತಿದವು. ಜ್ವರಕ್ಕೆ ಕೂತಾಗಲೂ ತಲೆ ಎತ್ತುತ್ತವೆ, ಆದರೆ ಇವು ತಲೆಯನ್ನು ಅತ್ತಿತ್ತ ಒಗೆಯುತ್ತಿದ್ದವು. ಬಾಯಿಂದ ಹಸಿರು ರಸ ಬರುತ್ತಿತ್ತು. ಎರಡನೆಯ ಸಾಲಿನಲ್ಲೂ ಅದೇ. ಪಕ್ಕದ ಯಜಮಾನರನ್ನು ಓಡಿಹೋಗಿ ಕರೆತಂದೆ. ಅವರು ಹುಳವನ್ನು ನೋಡಲಿಲ್ಲ, ಒಂದು ಕಡ್ಡಿ ಸೊಪ್ಪು ತೆಗೆದು ಮೂಗಿಗೆ ಹಿಡಿದರು.

"ಇದೇನಿದು ವಾಸ್ನೆ?"

ನಾನೂ ಮೂಸಿದೆ. ಸೊಳ್ಳೆ ಕಡಿಯದಿರಲೆಂದು ಮೈಗೆ ಹಚ್ಚಿಕೊಳ್ಳುವ ಮುಲಾಮಿನ ವಾಸನೆ. ಹಳ್ಳಿಗೆ ಹೋಗುತ್ತಿದ್ದೇವೆ, ಸೊಳ್ಳೆ ಇರುತ್ತದೆ ಎಂದು ಆ ಮಕ್ಕಳು ವ್ಯಾನಿನಲ್ಲೇ ಮೊಣಕೈವರೆಗೆ ಹಚ್ಚಿಕೊಂಡು ಬಂದಿದ್ದರು. ಸೊಳ್ಳೆಬತ್ತಿಯ ಹೊಗೆಗೇ ಸಾಯುವ ಹುಳ ಇದು.

"ಕೈ ತೊಳ್ಸಿಲ್ವಾ?" ಎಂದು ಯಜಮಾನರು ಕೇಳಿದರು.

"ಕಾಲು ತೊಳ್ಸಿದೆ," ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸೊಪ್ಪೆಲ್ಲ ತೆಗ್ದು ಆಚೆಗೆ ಹಾಕು. ಕಿಟ್ಕಿ ತೆಗಿ. ಹೊಸ ಸೊಪ್ಪು ಹಾಕು. ಉಳ್ದಷ್ಟು ಉಳೀಲಿ," ಎಂದು ಅಂಗಿಯ ತೋಳು ಮಡಚಿಕೊಂಡು ತಾವೂ ಕೈ ಹಾಕಿದರು. ಸೊಪ್ಪು ಕುಯ್ಯುವ ಹೆಂಗಸೂ ಬಂದಳು. ಮೂರು ಜನ ಸೇರಿ ತೆಗೆದೆವು, ಹಾಕಿದೆವು. ಮೊದಲ ಎರಡು ಸಾಲಿನ ಹುಳಗಳು ಹೊಸ ಸೊಪ್ಪಿನ ಮೇಲೆ ಹತ್ತಲೇ ಇಲ್ಲ. ಮೂರನೆಯ ಸಾಲು ಮಾತ್ರ ಏನೂ ಆಗದ ಹಾಗೆ ತಿನ್ನುತ್ತಿತ್ತು. ಅಕ್ಕ ಒಂದೊಂದು ಹುಳವನ್ನೂ ಹೆಸರು ಹಿಡಿದು ಕರೆಯುವುದಿಲ್ಲ ನಿಜ, ಆದರೆ ಕನಕಪುರಕ್ಕೆ ಹೊರಡುವವರೆಗೂ ದಿನಾ ಅವುಗಳ ಊಟ ಮುಗಿದ ಮೇಲೆಯೇ ತಾನು ತಟ್ಟೆ ಹಾಕಿಕೊಂಡವಳು.

ಯಜಮಾನರು ಹೊರಡುವಾಗ ಕೇಳಿದರು: "ನಿಮ್ಮಕ್ಕಂಗೆ ಹೇಳ್ಬುಡ್ತೀಯಾ?"

ನನ್ನ ಕೈಯಲ್ಲಿ ಫೋನು ಇತ್ತು. ಹೇಳಿದರೆ ಅಕ್ಕ ಮುಂದಿನ ಬಸ್ಸಿಗೆ ಹೊರಡುತ್ತಾಳೆ, ಇದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬಂದು ಮಾಡುವುದು ಏನೂ ಉಳಿದಿರಲಿಲ್ಲ, ಆದರೂ ಬರುತ್ತಾಳೆ. ಐದು ದಿನದಿಂದ ಆಸ್ಪತ್ರೆಯ ಬೆಂಚಿನ ಮೇಲೆ ಕೂತದ್ದು ನೀರುಪಾಲಾಗುತ್ತದೆ. ಮಗಳು ಮತ್ತೊಮ್ಮೆ ಪಕ್ಕಕ್ಕೆ ತಿರುಗಿ ನೋಡುತ್ತಾಳೆ, ಅಲ್ಲಿ ಅವ್ವ ಇರುವುದಿಲ್ಲ. ಇಷ್ಟು ಯೋಚಿಸುವಷ್ಟರಲ್ಲಿ ಅಕ್ಕನೇ ಫೋನ್ ಮಾಡಿದಳು.

"ನಾಳೆ ಬೆಳಿಗ್ಗೆ ಆಪ್ರೇಸನ್ ಮಾಡಿ ತೆಗೀತಾರಂತೆ ಕಣ್ಲಾ. ಇವ್ಳು ನನ್ ಕೈನೇ ಬುಡ್ತಿಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದಳು: "ಹುಳ ಹೆಂಗವೆ?"

"ಚೆನ್ನಾಗವೆ ಅಕ್ಕ."

"ಮೇಯ್ತವಾ?"

"ಮೇಯ್ತವೆ."

"ಒಸಿ ಫೋನು ಸ್ಟ್ಯಾಂಡಿನ ಹತ್ರ ಹಿಡಿ. ಕೇಳ್ತೀನಿ."

ದೊಡ್ಡ ಹುಳ ಸೊಪ್ಪು ತಿನ್ನುವಾಗ ಶಬ್ದವಾಗುತ್ತದೆ. ಮನೆ ತುಂಬ ಹುಳ ಮೇಯುತ್ತಿದ್ದರೆ ಹೊರಗೆ ಜಡಿಮಳೆ ಹಿಡಿದಿದೆಯೇನೋ ಎಂದು ಹೊಸಬರು ಬಾಗಿಲಿಗೆ ಬಂದು ನೋಡುತ್ತಾರೆ. ಹುಳ ಸಾಕುವವರು ಆ ಶಬ್ದ ಕೇಳಿಯೇ ಹುಳದ ಆರೋಗ್ಯ ಹೇಳುತ್ತಾರೆ. ನಾನು ಫೋನ್ ಹಿಡಿದುಕೊಂಡು ಮೊದಲ ಸಾಲು ದಾಟಿದೆ, ಎರಡನೆಯ ಸಾಲು ದಾಟಿದೆ. ಮೂರನೆಯ ಸಾಲಿನ ನಡುವಿನ ಅಂತಸ್ತಿಗೆ ಬಗ್ಗಿ, ಸೊಪ್ಪಿನ ಒಳಕ್ಕೇ ತೂರಿಸಿ ಹಿಡಿದೆ. ನಾಲ್ಕು ಸಂಪುಟ ಬರೆಯುವಾಗ ಸುಳ್ಳನ್ನು ನಂಬಿಸಲು ಇಷ್ಟು ಎಚ್ಚರ ವಹಿಸಿದವನಲ್ಲ ನಾನು. ಎಷ್ಟು ಹೊತ್ತು ಹಿಡಿದಿದ್ದೆನೋ, ಬೆನ್ನು ನೋಯತೊಡಗಿತು. ಫೋನನ್ನು ಕಿವಿಗೆ ತಂದಾಗ ಆ ಕಡೆ ಅಕ್ಕನ ಉಸಿರು ಮಾತ್ರ ಕೇಳುತ್ತಿತ್ತು.

"ಕೇಳಿಸ್ತಾ?"

"ಹ್ಞೂಂ, ಕೇಳಿಸ್ತು," ಎಂದಳು. "ಸರಿ, ಇಡ್ತೀನಿ."

ಮಾರನೆಯ ದಿನ ಬೆಳಿಗ್ಗೆ ಹೆಣ್ಣು ಮಗು ಹುಟ್ಟಿತು. ಅಕ್ಕ ಆಪರೇಷನ್ ಥಿಯೇಟರಿನ ಬಾಗಿಲ ಹೊರಗೇ ಇದ್ದಳು. ನರ್ಸು ಬಟ್ಟೆಯಲ್ಲಿ ಸುತ್ತಿ ತಂದ ಮಗುವನ್ನು ಮೊದಲು ಎತ್ತಿಕೊಂಡವಳು ಅವಳೇ. ಅಳಿಯ ಕಳಿಸಿದ ಫೋಟೊದಲ್ಲಿ ಮಗುವಿನ ಮುಖ ಸರಿಯಾಗಿ ಕಾಣುವುದಿಲ್ಲ, ಅಕ್ಕನದು ಮಾತ್ರ ಕಾಣುತ್ತದೆ. ಆ ಫೋಟೊ ಬಂದಾಗ ನಾನು ತೋಟದ ಮೂಲೆಯಲ್ಲಿ ಗುಂಡಿ ತೋಡಿ, ಎರಡು ಸಾಲಿನ ಹುಳ ಸುರಿದು, ಮೇಲೆ ಸುಣ್ಣ ಹಾಕುತ್ತಿದ್ದೆ. ಕೈ ತೊಳೆದುಕೊಂಡು ಬಂದು ಇನ್ನೊಮ್ಮೆ ನೋಡಿದೆ.

ಮೂರನೆಯ ಸಾಲು ಸೋಮವಾರ ಹಣ್ಣಾಯಿತು. ಯಜಮಾನರ ಮನೆಯವರೆಲ್ಲ ಬಂದು ಆರಿಸಿ ಚಂದ್ರಿಕೆಗೆ ಬಿಟ್ಟರು. ಅಕ್ಕ ಬಾಣಂತಿಯ ಹತ್ತಿರ ಇನ್ನೂ ಎಂಟು ದಿನ ಇದ್ದಳು. ದಿನಾ ಫೋನ್ ಮಾಡುತ್ತಿದ್ದಳು. ಮಗು ಸೀನಿದ್ದು, ಆಕಳಿಸಿದ್ದು ಎಲ್ಲ ಹೇಳುತ್ತಿದ್ದಳು. ಹುಳದ ವಿಷಯ ಒಮ್ಮೆಯೂ ಎತ್ತಲಿಲ್ಲ. ನನ್ನ ಸುಳ್ಳು ಅಷ್ಟು ಗಟ್ಟಿಯಾಗಿ ನಿಂತಿದೆ ಎಂದು ನಾನು ಒಂದು ಕಡೆ ಬೀಗುತ್ತಿದ್ದೆ, ಇನ್ನೊಂದು ಕಡೆ ಅವಳು ಬಂದ ದಿನ ಏನು ಹೇಳಬೇಕೆಂದು ಅಭ್ಯಾಸ ಮಾಡುತ್ತಿದ್ದೆ. ಆ ಭಾಷಣವನ್ನು ನಾಲ್ಕು ಸಲ ತಿದ್ದಿದೆ.

ಅಕ್ಕ ಬೆಳಗಿನ ಬಸ್ಸಿಗೆ ಬಂದಳು. ಸೀರೆ ಗಂಟನ್ನು ಜಗಲಿಯ ಮೇಲಿಟ್ಟು, ಕೈಕಾಲು ತೊಳೆದು, ಹುಳದ ಮನೆಯೊಳಕ್ಕೆ ಹೋದಳು. ನಾನು ಎರಡು ಸಾಲು ಸ್ಟ್ಯಾಂಡನ್ನು ಉಜ್ಜಿ ಉಜ್ಜಿ ತೊಳೆದಿದ್ದೆ. ಅವಳು ಅದರ ಅಂಚನ್ನು ಸವರಿ ನೋಡಿದಳು. ನಾನು ಬಾಗಿಲಲ್ಲಿ ನಿಂತು ಭಾಷಣ ಶುರುಮಾಡಿದೆ. ಒಂದು ವಾಕ್ಯ ಮುಗಿಯುವ ಮುಂಚೆಯೇ ಅವಳು ತಡೆದಳು.

"ಗೊತ್ತು ಬುಡ್ಲಾ. ಫೋನಾಗೆ ಕೇಳ್ದಾಗ್ಲೇ ಗೊತ್ತಾಯ್ತು. ಮೂರು ಸಾಲು ಮೇಯೋ ಸದ್ದಾ ಅದು? ಮನೆ ಅರ್ಧಕ್ಕರ್ಧ ಖಾಲಿ ಆಗೈತೆ ಅಂತ ಅವಾಗ್ಲೇ ಅಂದ್ಕೊಂಡೆ."

ಬೈಗುಳಕ್ಕೆ ಉತ್ತರ ತಯಾರಿಸಿದ್ದೆ, ಇದಕ್ಕಲ್ಲ. "ಮತ್ಯಾಕಕ್ಕ ಆಮೇಲೆ ಏನೂ ಕೇಳ್ಲಿಲ್ಲ?" ಎಂದೆ.

"ಇನ್ನೊಂದ್ಸಲ ಕೇಳಿದ್ರೆ ನೀನು ನಿಜ ಹೇಳ್ಬುಡ್ತಿದ್ದೆ. ಹೇಳಿದ್ಮೇಲೆ ನಾನು ಎದ್ದು ಬರ್ಬೇಕಾಯ್ತಿತ್ತು." ಅಕ್ಕ ಸ್ಟ್ಯಾಂಡಿನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಳು. "ಇವನು ಬಾಯಿ ಬುಡ್ದೆ ಇರ್ಲಪ್ಪಾ ದೇವ್ರೇ ಅಂತ ಫೋನ್ ಹಿಡ್ಕೊಂಡು ಬೇಡ್ಕೊತಿದ್ದೆ. ಸದ್ಯ, ನೀನು ಬುಡ್ಲಿಲ್ಲ."

ನಾನು ಅವಳನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು ಬೆನ್ನು ಬಗ್ಗಿಸಿ ನಿಂತಿದ್ದ ಹೊತ್ತಿನಲ್ಲಿ, ಅವಳು ಎಲ್ಲ ತಿಳಿದೂ ಅಲ್ಲೇ ಕೂತಿದ್ದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಅಕ್ಕ ಹುಳವನ್ನು ಅದರ ಪಾಡಿಗೆ ಬಿಟ್ಟಿದ್ದಳು, ಅದೂ ತಾನಾಗಿ. ಇದನ್ನು ನಾನು ಯಾವ ಸಂಪುಟದಲ್ಲೂ ಬರೆದಿಲ್ಲ. ನನ್ನ ನಾಯಕಿ ಸುರುಳಿಗೆ ಸಿಕ್ಕಿ ಹೋದವಳು. ಹೋಗಬೇಕು ಅನ್ನುವುದು ಅವಳಿಗೇ ಇತ್ತೇ ಎಂದು ಕೇಳುವುದು ನನಗೆ ಹೊಳೆದಿರಲೇ ಇಲ್ಲ. ನಾಚಿಕೆಯಾಯಿತು.

ಅಕ್ಕ ಹೊರಗೆ ಬಂದು ಜಗಲಿಯ ಮೇಲೆ ಕೂತಳು. ಗಂಟು ಬಿಚ್ಚಿ, ಮಗುವಿಗೆ ಹೊದಿಸಿದ್ದ ಒಂದು ಹಳೆಯ ಸೀರೆ ತುಂಡನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ನನ್ನ ಕಡೆ ನೋಡದೆ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು:

"ಅವ್ಳ ಮೊದಲ್ನೇ ಹೆರಿಗೇಲೂ ಯಾರಾದ್ರೂ ನಂಗೆ ಹಿಂಗೇ ಒಂದು ಸುಳ್ಳು ಹೇಳಿದ್ರೆ ಚೆನ್ನಾಗಿತ್ತು ಕಣ್ಲಾ."

ಆ ಮೊದಲ ಹೆರಿಗೆಯ ದಿನ ಅಕ್ಕ ವಾರ್ಡಿನ ಬಾಗಿಲವರೆಗೆ ಹೋಗಿದ್ದಳು. ಹಳ್ಳಿಯಿಂದ ಅಲ್ಲಿಗೆ ಫೋನ್ ಮಾಡಿ, "ಅಕ್ಕ, ಹುಳ ಹಣ್ಣಾಯ್ತಾವೆ, ಬಂದ್ಬುಡು," ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದವನು ನಾನು.